ಹಿಂದಿನ ಇರುಸು ಮತ್ತು ಹಿತವಾದ ವೇಗ

ಹಳೆಯ ಮೋಟಾರುಗಾಡಿ ಎಷ್ಟು ವೇಗವಾಗಿ ಓಡಬಲ್ಲುದೆಂದು ಎಲ್ಲರೂ ಕೇಳುವರು. ಎಷ್ಟು ವೇಗದಲ್ಲಿ ಆಯಾಸವಿಲ್ಲದೆ ಓಡಬಲ್ಲುದೆಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಹಿಂದಿನ ಇರುಸಿನ ಹಲ್ಲುಚಕ್ರಗಳಲ್ಲಿಯೇ ಅಡಗಿದೆ.

1908ರಿಂದ 1927ರವರೆಗೆ ಅಮೆರಿಕದಲ್ಲಿ ತಯಾರಾದ ಫೋರ್ಡ್ ‘ಟಿ’ ಮಾದರಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಮೇಲಿನ ಗೇರಿನಲ್ಲಿ ಅದರ ಎಂಜಿನ್ನು 3.64 ಸುತ್ತು ತಿರುಗಿದರೆ ಹಿಂದಿನ ಚಕ್ರವು ಒಂದು ಸುತ್ತು ತಿರುಗುವುದು. ಚಕ್ರದ ವ್ಯಾಸ 30 ಅಂಗುಲ. ಆದುದರಿಂದ ಒಂದು ಮೈಲಿಯನ್ನು ಕ್ರಮಿಸಲು ಎಂಜಿನ್ನು ಸುಮಾರು 2,450 ಸಲ ತಿರುಗಬೇಕು. ಗಂಟೆಗೆ 30 ಮೈಲಿ ವೇಗದಲ್ಲಿ ಇದು ನಿಮಿಷಕ್ಕೆ 1,200ಕ್ಕೆ ತುಸು ಮಿಕ್ಕುವುದು. 40 ಮೈಲಿಯಲ್ಲಿ 1,600ನ್ನು ಮೀರುವುದು. ಆ ಎಂಜಿನ್ನಿನ 20 ಅಶ್ವಶಕ್ತಿಯು ಪೂರ್ಣವಾಗಿ ದೊರೆಯುವುದು 1,600ರ ಆಸುಪಾಸಿನಲ್ಲಿಯೇ. ಅಂದಮೇಲೆ 40 ಅದರ ಸಾಮರ್ಥ್ಯದ ಅಂಚು. 30 ಅದರ ಸಹಜವಾದ ನಡೆ.

ಹೀಗೇಕೆ ಮಾಡಿದರೆಂದರೆ, ಅಂದಿನ ಹಳ್ಳಿಗಾಡಿನ ದಾರಿಗಳು ಕೆಸರು, ಕೊರಕಲುಗಳಿಂದ ತುಂಬಿದ್ದುವು. ಮುಂದೆ ಸಾಗಲು ಗಾಡಿಗೆ ಇದ್ದುದು ಎರಡೇ ಗೇರು. ಕೆಳಗಿನದು ಬಹು ಮಂದ. ಆದಕಾರಣ ಸಾಧಾರಣವಾದ ಏರುಗಳನ್ನೆಲ್ಲ ಮೇಲಿನ ಗೇರೇ ಹತ್ತಬೇಕಾಗಿತ್ತು.

ಇಂದು ಇಂತಹ ಗಾಡಿಗಳನ್ನು ಕಾಪಾಡಿಕೊಂಡು ಬಂದವರಲ್ಲಿ ಕೆಲವರು, ಹೊಸ ವಾಹನಗಳ ಅವಸರಕ್ಕೆ ಸರಿಗಟ್ಟಲೆಂದು, 3ಕ್ಕೆ 1ರ ಹಲ್ಲುಚಕ್ರವನ್ನು ಹಾಕಿಸುವರು. ಎಂಜಿನ್ನಿನ ಶ್ರಮವು ಬಯಲಿನಲ್ಲಿ ಇಳಿಯುವುದು ನಿಜ. ಆದರೆ ಏರಿನಲ್ಲಿ ಚಕ್ರಕ್ಕೆ ತಲಪುವ ಬಲವೂ ಇಳಿಯುವುದು. ಮೇಲಾಗಿ, ಆ ಗಾಡಿಯ ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. ಇರುಸನ್ನು ಬದಲಿಸಿ ವೇಗವನ್ನು ಪಡೆಯಬಹುದು. ನಿಲ್ಲಿಸುವ ಶಕ್ತಿಯನ್ನು ಪಡೆಯಲಾಗದು. ಆದುದರಿಂದ ಗಾಡಿಯ ನಡೆಯನ್ನರಿತು ನಾವು ನಡೆಯುವುದೇ ಲೇಸು.