ಜೇಬಿಗಿಳಿದ ಕ್ಯಾಮೆರಾ: ಕಿರುಗಾತ್ರದ ಫಿಲ್ಮ್ ಕ್ಯಾಮೆರಾಗಳ ಚರಿತ್ರೆ

ಪ್ರಯಾಣಕ್ಕೂ ನಿತ್ಯದ ಓಡಾಟಕ್ಕೂ ಒಗ್ಗುವ ಪುಟ್ಟ ಫಿಲ್ಮ್ ಕ್ಯಾಮೆರಾ ಹೇಗಿರಬೇಕು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಒಂದೊಂದು ಕಾಲಘಟ್ಟವೂ ತನ್ನದೇ ಉತ್ತರ ಕೊಟ್ಟಿದೆ. ಕ್ಯಾಮೆರಾದ ಗಾತ್ರ ಕುಗ್ಗಿಸಲು ಹೊರಟ ಪ್ರತಿಯೊಬ್ಬ ವಿನ್ಯಾಸಕಾರನೂ ಯಾವುದೋ ಒಂದು ಅನುಕೂಲವನ್ನು ಬಿಟ್ಟುಕೊಡಬೇಕಾಯಿತು. ಏನನ್ನು ಬಿಡಬಹುದು, ಏನನ್ನು ಬಿಡಲೇಬಾರದು ಎಂಬ ಈ ನಿರ್ಧಾರಗಳಲ್ಲೇ ಜೇಬಿನ ಕ್ಯಾಮೆರಾದ ಇತಿಹಾಸವಿದೆ.

ಮೊದಲ ದೊಡ್ಡ ನಿರ್ಧಾರ ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ್ದು. ಅಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಂಪನಿಯ ಯಂತ್ರತಜ್ಞ ಆಸ್ಕರ್ ಬರ್ನಾಕ್ ಉಬ್ಬಸದ ರೋಗಿಯಾಗಿದ್ದುದರಿಂದ, ಗಾಜಿನ ಫಲಕಗಳನ್ನೂ ಮುಕ್ಕಾಲಿಯನ್ನೂ ಹೊತ್ತು ಬೆಟ್ಟಗುಡ್ಡ ಹತ್ತುವುದು ಅವನಿಗೆ ಆಗದ ಮಾತಾಗಿತ್ತು. ಆತ ಸಿನಿಮಾಕ್ಕೆ ಬಳಸುವ 35 ಮಿ.ಮೀ. ಅಗಲದ ಫಿಲ್ಮನ್ನು ಕ್ಯಾಮೆರಾದೊಳಗೆ ಅಡ್ಡಲಾಗಿ ಓಡಿಸಿ, ಸಿನಿಮಾದ 18×24 ಮಿ.ಮೀ. ಚೌಕಟ್ಟಿನ ಎರಡರಷ್ಟು, ಅಂದರೆ 24×36 ಮಿ.ಮೀ. ಅಳತೆಯ ಚಿತ್ರಗಳನ್ನು ತೆಗೆಯುವ ಮಾದರಿಯೊಂದನ್ನು 1913–14ರ ಹೊತ್ತಿಗೆ ಸಿದ್ಧಪಡಿಸಿದ. ಮಹಾಯುದ್ಧದಿಂದಾಗಿ ಕೆಲಸ ತಡವಾಗಿ, 1925ರಲ್ಲಿ ಲೈಪ್‌ಜಿಗ್ ವಸಂತಮೇಳದಲ್ಲಿ ಅದು ‘ಲೈಕಾ’ ಎಂಬ ಹೆಸರಿನಿಂದ ಹೊರಬಂದಿತು. ಇಲ್ಲಿ ತ್ಯಾಗವಾದದ್ದು ನೆಗೆಟಿವ್‌ನ ಗಾತ್ರ. ಆದರೆ ಸಣ್ಣ ನೆಗೆಟಿವ್‌ನಿಂದ ದೊಡ್ಡ ಚಿತ್ರ ಮುದ್ರಿಸಬೇಕಾದರೆ ಮಸೂರ ನಿಖರವಾಗಿರಲೇಬೇಕಾದ್ದರಿಂದ, ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಮಿ.ಮೀ. ಮಸೂರದ ಗುಣಮಟ್ಟದಲ್ಲಿ ರಾಜಿಯಾಗಲಿಲ್ಲ.

ಈ ಸೂತ್ರವನ್ನು ಜನಸಾಮಾನ್ಯರ ಕೈಗೆಟುಕಿಸಿದವನು ಜಪಾನಿನ ಒಲಿಂಪಸ್ ಕಂಪನಿಯ ಯುವ ವಿನ್ಯಾಸಕಾರ ಯೋಶಿಹಿಸಾ ಮೈತಾನಿ. 1959ರಲ್ಲಿ ಮಾರುಕಟ್ಟೆಗೆ ಬಂದ ‘ಒಲಿಂಪಸ್ ಪೆನ್’ಗೆ ಆತ ಇಟ್ಟುಕೊಂಡ ಗುರಿಬೆಲೆ 6,000 ಯೆನ್. ಈ ಕ್ಯಾಮೆರಾ ಬರ್ನಾಕನ ಚೌಕಟ್ಟನ್ನು ಮತ್ತೆ ಅರ್ಧಕ್ಕಿಳಿಸಿತು. ಇದನ್ನೇ ‘ಹಾಫ್ ಫ್ರೇಮ್’ ಎನ್ನುತ್ತಾರೆ. 36 ಚಿತ್ರಗಳ ರೀಲಿನಲ್ಲಿ 72 ಚಿತ್ರಗಳು ಬರುವುದರಿಂದ ಫಿಲ್ಮಿನ ಖರ್ಚೂ ಅರ್ಧಕ್ಕಿಳಿಯಿತು. ಮೈತಾನಿ ಹಣದ ಬಹುಭಾಗವನ್ನು ಮಸೂರಕ್ಕೇ ಸುರಿದದ್ದರಿಂದ ಫಿಲ್ಮ್ ಮುಂದಕ್ಕೆ ಸರಿಸುವ ಸನ್ನೆಕೋಲಿಗೆ ಹಣ ಉಳಿಯಲಿಲ್ಲ. ಕ್ಯಾಮೆರಾದ ಬೆನ್ನಿನಲ್ಲಿ ಹಲ್ಲುಗಳುಳ್ಳ ಚಕ್ರವೊಂದರ ಅಂಚನ್ನು ಹೊರಗಿಟ್ಟು, ಅದನ್ನು ಹೆಬ್ಬೆರಳಿನಿಂದ ತಿರುಗಿಸುವಂತೆ ಮಾಡಲಾಯಿತು. ಬಡತನದಿಂದ ಹುಟ್ಟಿದ ಈ ಉಪಾಯ ಕ್ಯಾಮೆರಾವನ್ನು ಇನ್ನಷ್ಟು ಸರಳವಾಗಿಸಿತು.

ಪೂರ್ಣ ಚೌಕಟ್ಟನ್ನು ಉಳಿಸಿಕೊಂಡೇ ಗಾತ್ರ ಇಳಿಸುವ ಸವಾಲನ್ನು ಜರ್ಮನಿಯ ಹೈನ್ಸ್ ವಾಸ್ಕೆ ಕೈಗೆತ್ತಿಕೊಂಡ. 1966ರಲ್ಲಿ ಕಲೋನ್ ನಗರದ ಫೋಟೋಕಿನಾ ಮೇಳದಲ್ಲಿ ಪ್ರದರ್ಶಿತವಾದ ಅವನ ‘ರೋಲೈ 35’ ಸುಮಾರು 97 ಮಿ.ಮೀ. ಅಗಲ, 60 ಮಿ.ಮೀ. ಎತ್ತರವಷ್ಟೇ ಇತ್ತು. ಅದರ 40 ಮಿ.ಮೀ. ಮಸೂರದ ಕೊಳವೆಯನ್ನು ಬಳಸುವಾಗ ಹೊರಗೆಳೆದು ತಿರುಗಿಸಿ ಬಿಗಿಗೊಳಿಸಬೇಕು. ಒಳಗೆ ತಳ್ಳಬೇಕಾದರೆ ಮೊದಲು ಫಿಲ್ಮನ್ನು ಮುಂದೆ ಸರಿಸಿ, ಶಟರ್ ಅನ್ನು, ಎಂದರೆ ಬೆಳಕನ್ನು ಕ್ಷಣಕಾಲ ಒಳಬಿಡುವ ಮುಚ್ಚಳವನ್ನು, ಮುಂದಿನ ಚಿತ್ರಕ್ಕೆ ಅಣಿಗೊಳಿಸಿರಬೇಕು. ಫಿಲ್ಮ್ ಸರಿಸುವ ಸನ್ನೆ ಎಡಗೈಯ ಕಡೆಗೆ, ಫ್ಲ್ಯಾಶ್ ಸಿಕ್ಕಿಸುವ ಜಾಗ ತಳಕ್ಕೆ ಹೋದವು. ದೂರ ಅಳೆದು ತೋರಿಸುವ ರೇಂಜ್‌ಫೈಂಡರ್ ಎಂಬ ಸಾಧನವನ್ನೇ ವಾಸ್ಕೆ ಕೈಬಿಟ್ಟನಾದ್ದರಿಂದ, ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಛಾಯಾಗ್ರಾಹಕನೇ ಕಣ್ಣಂದಾಜಿನಲ್ಲಿ ನಿರ್ಧರಿಸಬೇಕಾಯಿತು.

ಕೆಲವೇ ವರ್ಷಗಳಲ್ಲಿ ಬಂದ ‘ಒಲಿಂಪಸ್ ಟ್ರಿಪ್ 35’ ಬೆಳಕಿನ ಲೆಕ್ಕವನ್ನು ತಾನೇ ವಹಿಸಿಕೊಂಡು ಪ್ರವಾಸಿಗನ ಹೊರೆಯನ್ನು ಒಂದಿಷ್ಟು ಇಳಿಸಿತು. ಬೆಳಕು ಬಿದ್ದೊಡನೆ ತಾನೇ ವಿದ್ಯುತ್ ಹುಟ್ಟಿಸುವ ಸೆಲೆನಿಯಂ ಕೋಶಗಳು ಅದರ ಮಸೂರದ ಸುತ್ತ ಉಂಗುರದಂತೆ ಕೂತಿದ್ದುದರಿಂದ ಬ್ಯಾಟರಿಯ ಗೊಡವೆಯೇ ಇರಲಿಲ್ಲ. ಬೆಳಕು ಸಾಲದಿದ್ದರೆ ನೋಟಕಿಂಡಿಯಲ್ಲಿ ಕೆಂಪು ಪಟ್ಟಿಯೊಂದು ಎದ್ದು ನಿಂತು, ಶಟರ್ ಚಲಿಸದೆ ಉಳಿಯುತ್ತಿತ್ತು.

ಮುಂದಿನ ತಿರುವು ಎಲೆಕ್ಟ್ರಾನಿಕ್ಸ್‌ನದು. 1977ರ ‘ಕೋನಿಕಾ ಸಿ35 ಎಎಫ್’ ತಾನಾಗಿಯೇ ಫೋಕಸ್ ಮಾಡಿಕೊಳ್ಳುವ ಮೊದಲ ಜನಬಳಕೆಯ ಕ್ಯಾಮೆರಾ ಎನಿಸಿತು. ಮೈತಾನಿ 1979ರ ‘ಎಕ್ಸ್‌ಎ’ ಮಾದರಿಯಲ್ಲಿ ರೇಂಜ್‌ಫೈಂಡರನ್ನು ಉಳಿಸಿಕೊಂಡು, ಮಸೂರದ ಟೋಪಿಯನ್ನೂ ಚರ್ಮದ ಚೀಲವನ್ನೂ ತೆಗೆದುಹಾಕಿದ: ಕ್ಯಾಮೆರಾದ ಅಂಗವೇ ಆಗಿದ್ದ ಮುಚ್ಚಳವನ್ನು ಪಕ್ಕಕ್ಕೆ ಜಾರಿಸಿದರೆ ಮಸೂರ ಚಿತ್ರ ತೆಗೆಯಲು ಸಿದ್ಧ. 1991ರ ‘ಮ್ಯೂ’ ಈ ಜಾರುಮುಚ್ಚಳಕ್ಕೆ ಸ್ವಯಂಚಾಲಿತ ಫೋಕಸ್ಸನ್ನೂ ಮೋಟಾರನ್ನೂ ಫ್ಲ್ಯಾಶನ್ನೂ ಸೇರಿಸಿತು; 1990ರ ‘ಕಾಂಟ್ಯಾಕ್ಸ್ ಟಿ2’, 1996ರ ‘ರಿಕೋ ಜಿಆರ್1’ ಮಾದರಿಗಳು ಅದೇ ಸೌಲಭ್ಯಗಳನ್ನು ಶ್ರೇಷ್ಠ ಮಸೂರ ಮತ್ತು ಲೋಹದ ಕವಚದೊಂದಿಗೆ ನೀಡಿದವು. ಆದರೆ ಈ ಪೀಳಿಗೆಯಲ್ಲಿ ಬ್ಯಾಟರಿ ಮುಗಿದರೆ ಶಟರೂ ನಿಲ್ಲುತ್ತದೆ. ರೋಲೈ 35ರ ಬೆಳಕುಮಾಪಕಕ್ಕೆ ಬೇಕಾದ ಪಾದರಸದ ಬ್ಯಾಟರಿ ಇಂದು ತಯಾರಾಗುತ್ತಿಲ್ಲವಾದರೂ ಅದರ ಶಟರ್ ಬ್ಯಾಟರಿಯಿಲ್ಲದೆಯೇ ನಡೆಯುತ್ತದೆ. ಮ್ಯೂವಿನ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಬದಲಿ ಭಾಗ ಸಿಗುವುದೇ ದುರ್ಲಭ.

2024ರಲ್ಲಿ ಹೊಸದಾಗಿ ಬಂದ ‘ಪೆಂಟ್ಯಾಕ್ಸ್ 17’ ಹಾಫ್ ಫ್ರೇಮಿಗೆ, ಕೈಯಿಂದ ಸರಿಸುವ ಸನ್ನೆಗೆ, ಅಂದಾಜಿನ ಫೋಕಸಿಗೆ ಮರಳಿ, ಬೆಳಕಿನ ಲೆಕ್ಕವನ್ನು ಮಾತ್ರ ಎಲೆಕ್ಟ್ರಾನಿಕ್ಸ್‌ಗೆ ಒಪ್ಪಿಸಿದೆ. ಬರ್ನಾಕನಿಂದ ಮೊದಲ್ಗೊಂಡು ಇದುವರೆಗಿನ ಸರಣಿಯನ್ನು ಒಟ್ಟಾಗಿ ನೋಡಿದವರಿಗೆ ಆಯ್ಕೆಯ ಮಾನದಂಡವೂ ಸ್ಪಷ್ಟವಾಗುತ್ತದೆ. ದೂರದ ಅಂದಾಜನ್ನೂ ಬೆಳಕಿನ ಲೆಕ್ಕವನ್ನೂ ಕಲಿಯಲು ಸಿದ್ಧನಿರುವವನಿಗೆ ಯಾಂತ್ರಿಕ ಕ್ಯಾಮೆರಾ ದುರಸ್ತಿಯಾಗುತ್ತ ದೀರ್ಘಕಾಲ ಜೊತೆಗಿರಬಲ್ಲದು. ಎದುರಿನ ಕ್ಷಣ ತಪ್ಪಬಾರದು ಎನ್ನುವವನಿಗೆ ಸ್ವಯಂಚಾಲಿತ ಮಾದರಿಯೇ ಸೂಕ್ತ, ಆದರೆ ಅದರ ಆಯುಷ್ಯ ಅದರೊಳಗಿನ ಬಿಡಿಭಾಗಗಳಿಗಿಂತ ದೀರ್ಘವಲ್ಲವೆಂಬುದನ್ನು ಅವನು ಮೊದಲೇ ಒಪ್ಪಿಕೊಂಡಿರಬೇಕು.