ನಿಸ್ತಂತು ಇಯರ್‌ಫೋನ್, ಹೆಡ್‌ಫೋನ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಡೂರು, ತರೀಕೆರೆ, ಅಜ್ಜಂಪುರ: ತಂತಿಯಿಲ್ಲದ ಇಯರ್‌ಫೋನ್ ಇಂದು ಮಹಾನಗರದ ಮಳಿಗೆಗೆ ಸೀಮಿತವಾದ ವಸ್ತುವಲ್ಲ. ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಯಲ್ಲಿಯೂ ಹತ್ತಾರು ಮಾದರಿಗಳು ಸಾಲಾಗಿ ತೂಗುತ್ತಿರುತ್ತವೆ. ಪೆಟ್ಟಿಗೆಯ ಮೇಲೆ ಬ್ಯಾಟರಿಯ ಗಂಟೆಗಳು, ಬ್ಲೂಟೂತ್ ಆವೃತ್ತಿ, ನೀರು ತಡೆಯುವ ಸಾಮರ್ಥ್ಯ ಇತ್ಯಾದಿ ವಿವರಗಳು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಆದರೆ ಯಾವ ಮಾದರಿ ಉತ್ತಮ ಎಂದು ಕೇಳುವುದಕ್ಕೂ ಮೊದಲು ಗ್ರಾಹಕರು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇದನ್ನು ಎಲ್ಲಿ, ಎಷ್ಟು ಹೊತ್ತು ಧರಿಸುತ್ತೇವೆ? ಸುತ್ತಲಿನ ಸದ್ದು ಹೆಚ್ಚಿದಷ್ಟೂ ನಾವು ಧ್ವನಿಯನ್ನು ಏರಿಸುತ್ತೇವೆ. ಹಾಗೆ ಏರಿಸಿದ ಧ್ವನಿಯ ಪರಿಣಾಮವನ್ನು ಅನುಭವಿಸುವುದು ಕಿವಿ.

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ಇದಕ್ಕೆ ತಕ್ಕ ಉದಾಹರಣೆಯಾಗಿವೆ. ಕಡೂರು ಮತ್ತು ಅಜ್ಜಂಪುರ ಪಟ್ಟಣಗಳು ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗದಲ್ಲಿವೆ. ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗದತ್ತ ಸಾಗುವ ಮಾರ್ಗದಲ್ಲಿ ತರೀಕೆರೆ ಇದೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಸಂಚಾರ ಆರಂಭವಾಯಿತು. ಓದಿಗಾಗಿ, ಉದ್ಯೋಗಕ್ಕಾಗಿ ರೈಲು ಮತ್ತು ಬಸ್ಸಿನಲ್ಲಿ ಓಡಾಡುವವರು, ಅಡಿಕೆ ಹಾಗೂ ತೆಂಗಿನ ತೋಟಗಳಲ್ಲಿ ದುಡಿಯುವವರು, ಮನೆಯಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರು ಇಲ್ಲಿ ಒಂದೇ ಮನೆಯಲ್ಲಿರುವುದುಂಟು. ಇವರೆಲ್ಲರಿಗೂ ಒಂದೇ ಸಾಧನ ಒಪ್ಪುವುದಿಲ್ಲ. ರಾಜ್ಯದ ಇತರ ಊರುಗಳ ಓದುಗರಿಗೂ ಈ ಮಾತು ಅನ್ವಯಿಸುತ್ತದೆ.

ಕಿವಿಯ ಲೆಕ್ಕ

ಧ್ವನಿಯ ತೀವ್ರತೆಯನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬಲ್, ಮಕ್ಕಳಿಗೆ ಅಷ್ಟೇ ಅವಧಿಗೆ 75 ಡೆಸಿಬಲ್ ಸುರಕ್ಷಿತ ಮಿತಿ. ಸಂಸ್ಥೆಯು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದೊಡನೆ ಸೇರಿ 2019ರಲ್ಲಿ ಹೊರತಂದ ಮಾನದಂಡಕ್ಕೂ ಇದೇ ಆಧಾರ. ಧ್ವನಿ 3 ಡೆಸಿಬಲ್ ಏರಿದರೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. 83 ಡೆಸಿಬಲ್‌ಗೆ ವಾರಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 90ಕ್ಕೆ ಕೇವಲ 4 ಗಂಟೆ.

ಕಡೂರಿನಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ರೈಲಿನಲ್ಲಿ ಹೋಗಿಬರಲು ಆರೇಳು ಗಂಟೆಗಳು ಬೇಕು. ವಾರಕ್ಕೊಮ್ಮೆ ಊರಿಗೆ ಬಂದು ಹೋಗುವ ಉದ್ಯೋಗಿಯೊಬ್ಬರು ದಾರಿಯುದ್ದಕ್ಕೂ 80 ಡೆಸಿಬಲ್‌ನಲ್ಲಿ ಹಾಡು ಕೇಳಿದರೆ ವಾರದ ಮಿತಿಯಲ್ಲಿ ಬಹುಪಾಲು ಉಳಿದಿರುತ್ತದೆ. ರೈಲಿನ ಸದ್ದನ್ನು ಮೀರಿಸಲೆಂದು 90 ಡೆಸಿಬಲ್‌ಗೆ ಏರಿಸಿದರೆ ಒಂದೇ ಪ್ರಯಾಣದಲ್ಲಿ ಮಿತಿ ದಾಟುತ್ತದೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ನಷ್ಟವು ನಿಧಾನವಾಗಿ ಆಗುವುದರಿಂದ ವರ್ಷಗಳವರೆಗೆ ಗಮನಕ್ಕೇ ಬಾರದಿರಬಹುದು. ಇಯರ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿಯುವುದು ಮೊದಲ ಎಚ್ಚರಿಕೆ. ಅದು ಮರುಕಳಿಸಿದರೆ ಕಿವಿ ತಜ್ಞರನ್ನು ಕಾಣಬೇಕು.

ನಾಲ್ಕು ಬಗೆಗಳು

ಮಾರುಕಟ್ಟೆಯಲ್ಲಿರುವ ಮಾದರಿಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನೆಕ್‌ಬ್ಯಾಂಡ್. ಕುತ್ತಿಗೆಯ ಸುತ್ತ ಬಾಗಿದ ಪಟ್ಟಿ, ಅದರ ಎರಡು ತುದಿಗಳಿಂದ ಕಿವಿಗೆ ಚಿಕ್ಕ ತಂತಿ. ಕಿವಿಯಿಂದ ಜಾರಿದರೂ ಕುತ್ತಿಗೆಯಲ್ಲಿಯೇ ಉಳಿಯುತ್ತದೆ. ಪಟ್ಟಿಯಲ್ಲಿ ಜಾಗವಿರುವುದರಿಂದ ಬ್ಯಾಟರಿ ದೊಡ್ಡದು. ಬೋಟ್ ಸಂಸ್ಥೆಯ ರಾಕರ್ಜ್ 255 ಪ್ರೊ ಪ್ಲಸ್ ಇದಕ್ಕೆ ಪರಿಚಿತ ಉದಾಹರಣೆ. ತಯಾರಕರ ಹೇಳಿಕೆಯಂತೆ ಒಂದು ಚಾರ್ಜ್‌ಗೆ 40 ಗಂಟೆಗಳವರೆಗೆ ಬಾಳಿಕೆ.

ಎರಡನೆಯದು ಎರಡೂ ಕಿವಿಗೆ ಬಿಡಿಬಿಡಿಯಾದ ಇಯರ್‌ಬಡ್ಸ್. ಆ್ಯಪಲ್ ಸಂಸ್ಥೆ 2016ರಲ್ಲಿ ಐಫೋನ್ 7ರಿಂದ ತಂತಿಯ ಇಯರ್‌ಫೋನ್ ಕಿಂಡಿಯನ್ನು ತೆಗೆದುಹಾಕಿ, ಅದೇ ವರ್ಷ ಏರ್‌ಪಾಡ್ಸ್ ಬಿಡುಗಡೆ ಮಾಡಿದ ನಂತರ ಈ ಬಗೆ ಜಗತ್ತಿನಾದ್ಯಂತ ಹರಡಿತು. ಬೋಟ್ ಏರ್‌ಡೋಪ್ಸ್ 141ರಂತಹ ಅಗ್ಗದ ಮಾದರಿಗಳು ಇದನ್ನು ನಮ್ಮ ಸಣ್ಣ ಪಟ್ಟಣಗಳಿಗೂ ತಂದವು. ಪೆಟ್ಟಿಗೆಯ ಮೇಲಿನ 42 ಗಂಟೆ ಎಂಬ ಅಂಕಿ ಚಾರ್ಜಿಂಗ್ ಡಬ್ಬಿಯನ್ನೂ ಸೇರಿಸಿದ ಲೆಕ್ಕ ಎಂಬುದನ್ನು ಗಮನಿಸಬೇಕು. ಡಬ್ಬಿಗೆ ಮರಳಿಸದೆ ಸತತವಾಗಿ ಎಷ್ಟು ಹೊತ್ತು ಕೇಳಬಹುದು ಎಂಬುದನ್ನು ಬೇರೆಯಾಗಿ ವಿಚಾರಿಸಿಕೊಳ್ಳಬೇಕು.

ಮೂರನೆಯದು ತಲೆಯ ಮೇಲಿಂದ ಧರಿಸುವ ಹೆಡ್‌ಫೋನ್. ಇದರಲ್ಲಿಯೂ ಕಿವಿಯ ಮೇಲೆ ಕೂರುವುದು, ಕಿವಿಯನ್ನು ಪೂರ್ತಿ ಮುಚ್ಚುವುದು ಎಂಬ ಎರಡು ಭೇದಗಳಿವೆ. ಸೋನಿ ಸಂಸ್ಥೆಯು 2023ರಲ್ಲಿ ತಂದ ಎರಡು ಮಾದರಿಗಳನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಡಬ್ಲ್ಯೂಎಚ್-ಸಿಎಚ್520 ಕಿವಿಯ ಮೇಲೆ ಕೂರುವಂಥದ್ದು, 147 ಗ್ರಾಂ ತೂಕ, 50 ಗಂಟೆಗಳ ಬಾಳಿಕೆ. ಆದರೆ ಹೊರಗಿನ ಸದ್ದನ್ನು ಅಳಿಸುವ ವ್ಯವಸ್ಥೆ ಇಲ್ಲ. ಡಬ್ಲ್ಯೂಎಚ್-ಸಿಎಚ್720ಎನ್ ಕಿವಿಯನ್ನು ಮುಚ್ಚುವಂಥದ್ದು, 192 ಗ್ರಾಂ, ಆ ವ್ಯವಸ್ಥೆಯೂ ಉಂಟು. ಅದನ್ನು ಚಾಲನೆಯಲ್ಲಿಟ್ಟಾಗ ಬಾಳಿಕೆ 35 ಗಂಟೆ.

ನಾಲ್ಕನೆಯದು ಕಿವಿಯ ರಂಧ್ರವನ್ನು ಮುಚ್ಚದ ತೆರೆದ ಬಗೆ. ಕೆನ್ನೆಯ ಮೂಳೆಯ ಕಂಪನದ ಮೂಲಕ ಧ್ವನಿ ಮುಟ್ಟಿಸುವ ಶಾಕ್ಸ್ ಓಪನ್‌ರನ್‌ನಂತಹ ಮಾದರಿಗಳು ಈ ಗುಂಪಿಗೆ ಸೇರುತ್ತವೆ. ಸಂಗೀತದ ಮಂದ್ರ ಸ್ವರಗಳು ಇದರಲ್ಲಿ ತೆಳುವಾಗಿ ಕೇಳಿಸುತ್ತವೆ. ಸುತ್ತಲಿನ ಸದ್ದು ಕೇಳುತ್ತಲೇ ಇರುವುದು ಇದರ ಲಾಭ.

ರೈಲು, ಬಸ್ಸಿನ ಪ್ರಯಾಣಕ್ಕೆ

ಹೊರಗಿನ ಸದ್ದನ್ನು ಅಳಿಸುವ ವ್ಯವಸ್ಥೆಯನ್ನು ಅಂಗಡಿಯವರು ಎಎನ್‌ಸಿ ಎನ್ನುತ್ತಾರೆ. ಸಾಧನದಲ್ಲಿರುವ ಮೈಕ್ ಹೊರಗಿನ ಶಬ್ದವನ್ನು ಗ್ರಹಿಸುತ್ತದೆ. ಅದಕ್ಕೆ ತದ್ವಿರುದ್ಧವಾದ ಶಬ್ದತರಂಗವನ್ನು ಒಳಗೆ ಉಂಟುಮಾಡಿದಾಗ ಎರಡೂ ಒಂದನ್ನೊಂದು ಕುಗ್ಗಿಸುತ್ತವೆ. ಬಂಗಾಳಿ ಮೂಲದ ಅಮೆರಿಕನ್ ವಿಜ್ಞಾನಿ ಅಮರ್ ಬೋಸ್ 1978ರಲ್ಲಿ ವಿಮಾನಯಾನದ ವೇಳೆ ಇಂತಹ ಹೆಡ್‌ಫೋನ್‌ನ ಲೆಕ್ಕಾಚಾರ ಆರಂಭಿಸಿದರು. ಅವರ ಸಂಸ್ಥೆ 1989ರಲ್ಲಿ ವಿಮಾನ ಚಾಲಕರಿಗಾಗಿ ಅದನ್ನು ಮಾರುಕಟ್ಟೆಗೆ ತಂದಿತು.

ರೈಲಿನ ಗಡಗಡ, ಬಸ್ಸಿನ ಎಂಜಿನ್‌ನ ಗುಡುಗು ಮುಂತಾದ ಒಂದೇ ಸಮನಾದ, ಕೆಳಸ್ತರದ ಸದ್ದನ್ನು ಎಎನ್‌ಸಿ ಚೆನ್ನಾಗಿ ಕುಗ್ಗಿಸುತ್ತದೆ. ಪಕ್ಕದವರ ಮಾತು, ಮಗುವಿನ ಅಳು, ಹಾರ್ನ್ ಇವುಗಳ ಮೇಲೆ ಅದರ ಪ್ರಭಾವ ಕಡಿಮೆ. ಅಂತಹ ಸದ್ದನ್ನು ತಡೆಯುವುದು ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿ ಅಥವಾ ಮೆತ್ತೆ. ಆದ್ದರಿಂದ ಇಯರ್‌ಬಡ್ಸ್‌ನೊಡನೆ ಬರುವ ಮೂರು ಅಳತೆಯ ರಬ್ಬರ್ ತುದಿಗಳನ್ನೂ ಹಾಕಿ ನೋಡುವುದು ಅವಶ್ಯ. ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ವಾರಕ್ಕೊಮ್ಮೆಯಾದರೂ ದೂರ ಪ್ರಯಾಣ ಮಾಡುವವರು ಹೆಚ್ಚುವರಿ ಹಣವನ್ನು ಎಎನ್‌ಸಿಗೆ ಕೊಡುವುದು ಸಾರ್ಥಕ. ಹೊರಗಿನ ಸದ್ದು ತಗ್ಗಿದರೆ ಕಡಿಮೆ ಧ್ವನಿಯಲ್ಲಿಯೇ ಹಾಡು, ಮಾತು ಸ್ಪಷ್ಟವಾಗುತ್ತದೆ.

ತೋಟ ಮತ್ತು ಕಣದಲ್ಲಿ

ಬೆವರು, ಧೂಳು, ಮಳೆಹನಿ ಇಲ್ಲಿನ ಮುಖ್ಯ ಶತ್ರುಗಳು. ಪೆಟ್ಟಿಗೆಯ ಮೇಲಿನ ಐಪಿ ಸಂಖ್ಯೆಯಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಐಪಿಎಕ್ಸ್4 ಎಂದರೆ ನೀರಿನ ಸಿಡಿತವನ್ನು ತಡೆಯಬಲ್ಲದು. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳಬಲ್ಲದು. ಎಕ್ಸ್ ಅಕ್ಷರವಿದ್ದರೆ ಆ ಸ್ಥಾನದ ಪರೀಕ್ಷೆಯ ಫಲಿತಾಂಶವನ್ನು ಘೋಷಿಸಿಲ್ಲವೆಂದು ಅರ್ಥ. ಆದುದರಿಂದ ರಾಗಿ ಕಣದ ಧೂಳಿನಲ್ಲಿ ಬಳಸುವವರಿಗೆ ಎರಡೂ ಅಂಕಿಗಳಿರುವ ಮಾದರಿ ಮೇಲು. ಚಾರ್ಜಿಂಗ್ ಡಬ್ಬಿಗೆ ಈ ರಕ್ಷಣೆ ಬಹುತೇಕ ಇರುವುದಿಲ್ಲ. ಇಯರ್‌ಬಡ್ ಒಂದು ಅಡಿಕೆ ತೋಟದ ತರಗೆಲೆಯಲ್ಲಿ ಬಿದ್ದರೆ ಹುಡುಕುವುದು ಕಷ್ಟ. ನೆಕ್‌ಬ್ಯಾಂಡ್‌ಗೆ ಆ ಭಯವಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರಗಳ ಬಳಿ ದುಡಿಯುವವರಿಗೆ ಎಎನ್‌ಸಿ ಇಯರ್‌ಫೋನ್ ರಕ್ಷಣಾ ಸಾಧನವಾಗದು. ಅದಕ್ಕೆಂದೇ ತಯಾರಾದ ಕಿವಿಮುಚ್ಚಳ ಅಥವಾ ಕಿವಿಬಿರಡೆ ಬೇರೆ ಇವೆ. ಯಂತ್ರದ ಸದ್ದಿನ ಮೇಲೆ ಹಾಡಿನ ಸದ್ದನ್ನೂ ಸೇರಿಸುವುದು ಕಿವಿಗೆ ಎರಡು ಪಟ್ಟು ಹೊರೆ.

ರಸ್ತೆ ಮತ್ತು ಹಳಿ

ಬೈಕ್, ಸೈಕಲ್ ಓಡಿಸುವಾಗ, ಹೆದ್ದಾರಿ ದಾಟುವಾಗ, ರೈಲ್ವೆ ಗೇಟ್ ಬಳಿ ಯಾವ ಬೆಲೆಯ ಇಯರ್‌ಫೋನ್ ಆದರೂ ಕಿವಿಯಿಂದ ಹೊರಗಿರಬೇಕು. ಹಿಂದೆ ಡೀಸೆಲ್ ಎಂಜಿನ್‌ನ ಸದ್ದು ದೂರದಿಂದಲೇ ಸೂಚನೆ ಕೊಡುತ್ತಿತ್ತು. ವಿದ್ಯುತ್ ರೈಲುಗಳು ಅಷ್ಟು ಗದ್ದಲ ಮಾಡುವುದಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರು-ಧಾರವಾಡ ನಡುವೆ ಆರಂಭವಾದ ವಂದೇ ಭಾರತ್ ರೈಲಿನ ಹಾದಿಯೂ ಕಡೂರು, ಬೀರೂರಿನ ಮೂಲಕವೇ. ಎಎನ್‌ಸಿ ಅಳಿಸುವ ಕೆಳಸ್ತರದ ಸದ್ದಿನಲ್ಲಿ ಸಮೀಪಿಸುತ್ತಿರುವ ಲಾರಿ, ರೈಲಿನ ಸದ್ದೂ ಸೇರಿದೆ ಎಂಬುದನ್ನು ಮರೆಯಬಾರದು. ಹಳಿಯ ಮೇಲೆ ಅತಿಕ್ರಮವಾಗಿ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನನ್ವಯ ಅಪರಾಧವೂ ಹೌದು. ಬೆಳಗಿನ ನಡಿಗೆಗೆ ಏನಾದರೂ ಬೇಕೇ ಬೇಕೆನ್ನುವವರಿಗೆ ತೆರೆದ ಬಗೆಯೊಂದೇ ಒಪ್ಪುವ ಆಯ್ಕೆ.

ಓದುವವರಿಗೆ, ಮನೆಮಂದಿಗೆ

ಗಂಟೆಗಟ್ಟಲೆ ಪಾಠ ಕೇಳುವ ವಿದ್ಯಾರ್ಥಿಗಳಿಗೆ ರಬ್ಬರ್ ತುದಿಗಿಂತ ಹಗುರವಾದ ಹೆಡ್‌ಫೋನ್ ಹಿತಕರ. ಮನೆ ಶಾಂತವಾಗಿದ್ದರೆ ಎಎನ್‌ಸಿಗೆ ಹಣ ಸುರಿಯಬೇಕಿಲ್ಲ. ಕಿವಿ ಸೋರುವ ತೊಂದರೆ ಇರುವವರು ಕಿವಿಯೊಳಗೆ ತೂರಿಸುವ ಬಗೆಯನ್ನು ಬಿಡುವುದು ಒಳಿತು. ಒಬ್ಬರ ಇಯರ್‌ಬಡ್ಸ್ ಇನ್ನೊಬ್ಬರು ಹಾಕಿಕೊಳ್ಳಬಾರದು. ಮಕ್ಕಳಿಗೆ ಕೊಡುವಾಗ ಫೋನಿನ ಸೆಟ್ಟಿಂಗ್‌ನಲ್ಲಿ ಗರಿಷ್ಠ ಧ್ವನಿಗೆ ಮಿತಿ ಹಾಕಬೇಕು. ಒಂದು ತೋಳಿನ ದೂರದಲ್ಲಿ ಕುಳಿತವರಿಗೆ ಇಯರ್‌ಫೋನ್‌ನ ಹಾಡು ಕೇಳಿಸುತ್ತಿದ್ದರೆ ಧ್ವನಿ ಅತಿಯಾಗಿದೆ ಎಂದೇ ತಿಳಿಯಬೇಕು.

ಆಕಾಶವಾಣಿಯ ಎಫ್.ಎಂ. ಪ್ರಸಾರವನ್ನು ಫೋನಿನಲ್ಲಿ ಕೇಳುವ ಹಿರಿಯರಿಗೆ ಒಂದು ಸೂಚನೆ: ಹೆಚ್ಚಿನ ಫೋನ್‌ಗಳಲ್ಲಿ ಇಯರ್‌ಫೋನ್‌ನ ತಂತಿಯೇ ಎಫ್.ಎಂ. ಆಂಟೆನಾ ಆಗಿ ಕೆಲಸ ಮಾಡುತ್ತದೆ. ತಂತಿಯನ್ನು ಬಿಟ್ಟರೆ ಪ್ರಸಾರವನ್ನು ಅಂತರ್ಜಾಲದ ಮೂಲಕವೇ ಕೇಳಬೇಕಾಗುತ್ತದೆ. ಹಳೆಯ ತಂತಿಯ ಇಯರ್‌ಫೋನ್ ಅನ್ನು ಎಸೆಯದಿರುವುದು ಜಾಣತನ.

ಬ್ಯಾಟರಿ ಮತ್ತು ಬ್ಲೂಟೂತ್

ಇಯರ್‌ಬಡ್ ಒಂದರ ಬ್ಯಾಟರಿ ಬಟಾಣಿ ಕಾಳಿನಷ್ಟು ಚಿಕ್ಕದು. ಪ್ರತಿದಿನ ಬಳಸಿದರೆ ಎರಡು ಮೂರು ವರ್ಷಗಳಲ್ಲಿ ಅದರ ಸಾಮರ್ಥ್ಯ ಗಣನೀಯವಾಗಿ ಕುಸಿಯುತ್ತದೆ. ಬಹುಪಾಲು ಮಾದರಿಗಳಲ್ಲಿ ಅದನ್ನು ಬದಲಿಸಲಾಗದು. ನೆಕ್‌ಬ್ಯಾಂಡ್, ಹೆಡ್‌ಫೋನ್‌ಗಳು ಈ ದೃಷ್ಟಿಯಿಂದ ಹೆಚ್ಚು ಕಾಲ ಬಾಳುತ್ತವೆ. ಕೆಲವು ಹೆಡ್‌ಫೋನ್‌ಗಳನ್ನು ಚಾರ್ಜ್ ಮುಗಿದ ಮೇಲೂ ತಂತಿ ಜೋಡಿಸಿ ಬಳಸಬಹುದು. ವಿದ್ಯುತ್ ಕಡಿತವಿರುವ ಊರುಗಳಲ್ಲಿ ಇದು ಸಣ್ಣ ಅನುಕೂಲವೇನಲ್ಲ.

ಬ್ಲೂಟೂತ್ ತಂತ್ರಜ್ಞಾನದ ಮೊದಲ ಆವೃತ್ತಿ ಬಂದದ್ದು 1999ರಲ್ಲಿ. 2016ರ ಕೊನೆಯಲ್ಲಿ ಬಂದ 5.0 ಅಥವಾ ನಂತರದ ಆವೃತ್ತಿ ಇದ್ದರೆ ನಿತ್ಯದ ಬಳಕೆಗೆ ಸಾಕು. ಎಲ್‌ಡಿಎಸಿ ಮುಂತಾದ ಉನ್ನತ ಧ್ವನಿ ಸಂಕೇತಗಳ ಲಾಭ ಸಿಗಬೇಕಾದರೆ ಫೋನ್ ಕೂಡ ಅದನ್ನು ಬೆಂಬಲಿಸಬೇಕು. ಐಫೋನ್ ಎಲ್‌ಡಿಎಸಿಯನ್ನು ಬೆಂಬಲಿಸುವುದಿಲ್ಲ.

ಅಂಗಡಿಯಲ್ಲಿ ಪರಿಶೀಲಿಸಬೇಕಾದುದು

ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಹಾಗೂ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ದೊಡ್ಡ ಬ್ರ್ಯಾಂಡ್‌ನ ಹೆಸರಿದ್ದು ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ಅದು ನಕಲಿಯಾಗಿರುವ ಸಂಭವವೇ ಹೆಚ್ಚು. ವಾರಂಟಿ ಎಷ್ಟು ಕಾಲ, ಕೆಟ್ಟರೆ ಸೇವಾ ಕೇಂದ್ರ ಊರಿನಲ್ಲಿಯೇ ಇದೆಯೇ ಅಥವಾ ಶಿವಮೊಗ್ಗ, ಚಿಕ್ಕಮಗಳೂರಿಗೆ ಅಲೆಯಬೇಕೇ, ಒಂದು ಇಯರ್‌ಬಡ್ ಕಳೆದರೆ ಬಿಡಿಯಾಗಿ ಸಿಗುವುದೇ ಎಂಬ ಪ್ರಶ್ನೆಗಳನ್ನು ಹಣ ಕೊಡುವ ಮೊದಲೇ ಕೇಳಬೇಕು. ರಸೀದಿ ಪಡೆಯದೆ ಹೊರಡಬಾರದು. ವಿವಾದ ಉಂಟಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಒಟ್ಟಿನಲ್ಲಿ, ದೂರ ಪ್ರಯಾಣಿಕರಿಗೆ ಎಎನ್‌ಸಿ ಇರುವ ಹೆಡ್‌ಫೋನ್ ಅಥವಾ ಇಯರ್‌ಬಡ್ಸ್, ತೋಟದ ಕೆಲಸದವರಿಗೆ ಧೂಳು-ನೀರು ತಡೆಯುವ ನೆಕ್‌ಬ್ಯಾಂಡ್, ಓದುವವರಿಗೆ ಹಗುರವಾದ ಸಾಧಾರಣ ಹೆಡ್‌ಫೋನ್, ನಡಿಗೆಯವರಿಗೆ ತೆರೆದ ಬಗೆ ಸೂಕ್ತ. ಖರೀದಿಸಿದ ದಿನವೇ ಫೋನಿನಲ್ಲಿ ಧ್ವನಿಯ ಮಿತಿಯನ್ನು ನಿಗದಿ ಮಾಡಿಕೊಂಡರೆ ಆಯ್ಕೆ ಪೂರ್ಣಗೊಂಡಂತೆ.