ಕಲ್ಲಚ್ಚಿನಲ್ಲಿ ಉಳಿದ ಚರ್ಚುಗಳು: ಯುರೋಪಿನ ನಗರಚಿತ್ರಗಳು ಕಾಫಿ ಸೀಮೆಗೆ ಹೇಳುವ ಪಾಠ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದಾಗ ಅದು ಮುದ್ರಣವಾದದ್ದು ಕಲ್ಲಚ್ಚಿನಲ್ಲಿ ಎಂಬುದು ಕರಾವಳಿಯ ಹಲವರಿಗೆ ತಿಳಿದ ವಿಷಯ. ಬಾಸೆಲ್ ಮಿಷನ್‌ನವರು 1841ರಲ್ಲಿ ಇಲ್ಲಿ ಆರಂಭಿಸಿದ ಮುದ್ರಣಾಲಯದಲ್ಲಿ ಮೊದಮೊದಲು ಅಚ್ಚುಮೊಳೆ ಜೋಡಿಸುವ ಕೆಲಸವೇ ಇರಲಿಲ್ಲ. ಕೈಯಲ್ಲಿ ಬರೆದುದನ್ನೇ ಕಲ್ಲಿನಿಂದ ಕಾಗದಕ್ಕೆ ಇಳಿಸುತ್ತಿದ್ದರು. ಅದೇ ಕಾಲದಲ್ಲಿ ಯುರೋಪಿನಲ್ಲಿ ಇದೇ ವಿದ್ಯೆ ಇನ್ನೊಂದು ಕೆಲಸಕ್ಕೂ ಒದಗಿತ್ತು: ಹಳೆಯ ನಗರಗಳ ಚರ್ಚು, ಬೀದಿ, ಗೋಪುರಗಳ ಚಿತ್ರಗಳನ್ನು ಮುದ್ರಿಸಿ ಮನೆಮನೆಗೆ ತಲುಪಿಸುವುದು. ಆ ಚಿತ್ರಗಳು ಹೇಗೆ ತಯಾರಾದವು, ಅವುಗಳನ್ನು ಓದುವುದು ಹೇಗೆ, ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಧರ್ಮಕೇಂದ್ರಗಳಿಗೆ ಅವುಗಳಿಂದ ಏನು ಪ್ರಯೋಜನ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ.

ಜಲವರ್ಣ ಮತ್ತು ಕಲ್ಲಚ್ಚು

ಜಲವರ್ಣದ ಪೆಟ್ಟಿಗೆ ಚಿಕ್ಕದು. ಕಾಗದ, ಕುಂಚ, ಸ್ವಲ್ಪ ನೀರು ಇದ್ದರೆ ಬೀದಿಯ ಮೂಲೆಯಲ್ಲೇ ಕುಳಿತು ಚಿತ್ರ ಬರೆಯಬಹುದು, ಬೇಗ ಒಣಗುತ್ತದೆ. ಆದರೆ ಜಲವರ್ಣದ ಚಿತ್ರ ಒಂದೇ ಪ್ರತಿ. ಅದು ನೂರಾರು ಜನರ ಕೈ ಸೇರಬೇಕಾದರೆ ಅಚ್ಚು ಬೇಕು.

ಆ ದಾರಿಯನ್ನು ತೋರಿಸಿದವರು ಜರ್ಮನಿಯ ಮ್ಯೂನಿಕ್ ನಗರದ ಅಲೋಯಿಸ್ ಸೆನೆಫೆಲ್ಡರ್. 1790ರ ದಶಕದ ಕೊನೆಯಲ್ಲಿ ಅವರು ಕಂಡುಕೊಂಡ ತತ್ವ ಸರಳ: ಎಣ್ಣೆ ಮತ್ತು ನೀರು ಸೇರುವುದಿಲ್ಲ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ಶಾಯಿ ಜಿಡ್ಡಿನ ಗೆರೆಗಳಿಗೆ ಮಾತ್ರ ಅಂಟಿಕೊಳ್ಳುತ್ತದೆ, ನೀರಿರುವ ಜಾಗಕ್ಕೆ ಅಂಟುವುದಿಲ್ಲ. ಮೇಲೆ ಕಾಗದವಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ. ಕಾಗದದ ಮೇಲೆ ಎಡಬಲ ಅದಲುಬದಲಾಗುವುದರಿಂದ ಕಲ್ಲಿನ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಬಣ್ಣದ ಅಚ್ಚಿಗೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು.

ಈ ಕ್ಷೇತ್ರದಲ್ಲಿ ಕೆಲವು ಹೆಸರುಗಳು ಮುಖ್ಯ. ಇಪ್ಪತ್ತೈದರ ಪ್ರಾಯದಲ್ಲೇ ತೀರಿಕೊಂಡ ರಿಚರ್ಡ್ ಬಾನಿಂಗ್ಟನ್ 1824ರಲ್ಲಿ ಫ್ರಾನ್ಸಿನ ರುವಾನ್ ನಗರದ ಗಡಿಯಾರದ ಬೀದಿಯನ್ನು ಕಲ್ಲಚ್ಚಿನಲ್ಲಿ ಚಿತ್ರಿಸಿದರು. ಸಾಮ್ಯುಯೆಲ್ ಪ್ರೌಟ್ ಅವರ ಫ್ಲಾಂಡರ್ಸ್ ಮತ್ತು ಜರ್ಮನಿಯ ಚಿತ್ರಸಂಪುಟ 1833ರಲ್ಲಿ ಪ್ರಕಟವಾಯಿತು. ಥಾಮಸ್ ಶಾಟರ್ ಬಾಯ್ಸ್ 1839ರಲ್ಲಿ ಪ್ಯಾರಿಸ್, ಗೆಂಟ್, ಆಂಟ್‌ವರ್ಪ್, ರುವಾನ್ ನಗರಗಳ ಕಟ್ಟಡಗಳನ್ನು ಬಣ್ಣದ ಕಲ್ಲಚ್ಚಿನಲ್ಲಿ ಹೊರತಂದರು. ವಿಯೆನ್ನಾದ ರುಡಾಲ್ಫ್ ಫಾನ್ ಆಲ್ಟ್ (1812-1905) ತಮ್ಮ ದೀರ್ಘ ಜೀವನದಲ್ಲಿ ಸಂತ ಸ್ತೆಫನರ ಪ್ರಧಾನಾಲಯವನ್ನು ಮತ್ತೆ ಮತ್ತೆ ಚಿತ್ರಿಸಿದರು. ಆ ಪ್ರಧಾನಾಲಯದ ಹಳೆಯ ಮರದ ಮಾಡು 1945ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು.

ಚಿತ್ರದಿಂದ ಕಾಲ ತಿಳಿಯುವುದು

ಇಂಥ ಚಿತ್ರಗಳನ್ನು ಅಂದಕ್ಕಾಗಿ ಮಾತ್ರ ನೋಡಿದರೆ ಅರ್ಧ ಪ್ರಯೋಜನ. ಎರಡು ಉದಾಹರಣೆಗಳನ್ನು ಕೊಡುತ್ತೇವೆ.

ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದ ನಡುಮಾಡಿನ ಮೇಲಿದ್ದ ಮಧ್ಯಯುಗದ ಶಿಖರವನ್ನು ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಳಿಸಲಾಗಿತ್ತು. ವಿಯೊಲೆ ಲ ದ್ಯುಕ್ ಅವರ ಹೊಸ ಶಿಖರ ಪೂರ್ಣವಾದದ್ದು 1859ರಲ್ಲಿ. ಆದ್ದರಿಂದ ಹತ್ತೊಂಬತ್ತನೇ ಶತಮಾನದ ಚಿತ್ರವೊಂದರಲ್ಲಿ ಶಿಖರವಿಲ್ಲದಿದ್ದರೆ ಅದು ತೋರಿಸುತ್ತಿರುವುದು 1859ಕ್ಕಿಂತ ಹಿಂದಿನ ಸ್ಥಿತಿಯನ್ನು ಎಂದು ತಿಳಿಯಬಹುದು. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಬಿದ್ದದ್ದು ಇದೇ ಹೊಸ ಶಿಖರ. ಅದನ್ನು ಹಿಂದಿನ ಆಕಾರದಲ್ಲೇ ಪುನಃ ಕಟ್ಟಲಾಯಿತು. 2024ರ ಡಿಸೆಂಬರ್‌ನಲ್ಲಿ ಪ್ರಧಾನಾಲಯ ಮತ್ತೆ ತೆರೆಯಿತು.

ಜರ್ಮನಿಯ ಕಲೋನ್ ಪ್ರಧಾನಾಲಯದ ಕಥೆ ಇನ್ನೂ ದೊಡ್ಡದು. 1248ರಲ್ಲಿ ಆರಂಭವಾದ ಕೆಲಸ ಹದಿನಾರನೇ ಶತಮಾನದಲ್ಲಿ ನಿಂತುಹೋಯಿತು. ಅರ್ಧಕ್ಕೆ ನಿಂತ ಗೋಪುರದ ಮೇಲೆ ಕಲ್ಲು ಎತ್ತುವ ಮರದ ಕ್ರೇನ್ ಶತಮಾನಗಟ್ಟಲೆ ಹಾಗೆಯೇ ಉಳಿದಿತ್ತು. ಹಳೆಯ ಚಿತ್ರಗಳಲ್ಲಿ ಅದು ಕಾಣಿಸುತ್ತದೆ. ಮುಂಭಾಗಕ್ಕೆಂದು ಮಧ್ಯಯುಗದವರು ಚರ್ಮದ ಹಾಳೆಯ ಮೇಲೆ ಬರೆದಿದ್ದ ನಕ್ಷೆಯ ಒಂದು ಭಾಗ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿಯೂ ಇನ್ನೊಂದು ಭಾಗ 1816ರಲ್ಲಿ ಪ್ಯಾರಿಸಿನಲ್ಲಿಯೂ ಸಿಕ್ಕಿತು. 1842ರಲ್ಲಿ ಮತ್ತೆ ಆರಂಭವಾದ ಕೆಲಸ ಆ ನಕ್ಷೆಯ ಆಧಾರದಿಂದ ಸಾಗಿ 1880ರಲ್ಲಿ ಮುಗಿಯಿತು. ಸುಮಾರು 157 ಮೀಟರ್ ಎತ್ತರದ ಆ ಎರಡು ಗೋಪುರಗಳು ಇಂದು ನಿಂತಿರುವುದಕ್ಕೆ ಯಾರೋ ಜೋಪಾನ ಮಾಡಿದ ಒಂದು ನಕ್ಷೆಯೂ ಕಾರಣ.

ಒಂದು ಎಚ್ಚರಿಕೆಯೂ ಬೇಕು. ಚಿತ್ರಕಾರರು ಕಟ್ಟಡ ದೊಡ್ಡದಾಗಿ ಕಾಣಲೆಂದು ಜನರನ್ನು ಚಿಕ್ಕದಾಗಿ ಬರೆದದ್ದುಂಟು, ಅಡ್ಡ ಬಂದ ಮನೆಯನ್ನು ಬಿಟ್ಟದ್ದೂ ಉಂಟು. ಆದ್ದರಿಂದ ಅಳತೆಯ ನಕ್ಷೆ ಇಲ್ಲದ ಚಿತ್ರವನ್ನು ಅರ್ಧಸಾಕ್ಷಿ ಎಂದೇ ತಿಳಿಯಬೇಕು.

ಕನ್ನಡ ನಾಡಿನಲ್ಲಿ

ನಮ್ಮ ನಾಡಿಗೂ ಇಂಥ ಚಿತ್ರಕಾರರು ಬಂದಿದ್ದರು. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಂದಿಗೆ ಬಂದ ರಾಬರ್ಟ್ ಹೋಮ್ ಅವರ ಮೈಸೂರು ಸೀಮೆಯ ಚಿತ್ರಗಳು 1794ರಲ್ಲಿ ಪ್ರಕಟವಾದವು. ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲಿ ತೀರಿಕೊಂಡರು. ಅವರ ಚಿತ್ರಗಳ ಪುಸ್ತಕ 1805ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಇವು ಕಲ್ಲಚ್ಚಲ್ಲ, ತಾಮ್ರದ ತಗಡಿನಿಂದ ಅಚ್ಚಾದವು. ಬೆಂಗಳೂರು ಕೋಟೆಯಲ್ಲಿ ಇಂದು ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಲಿನ ಸ್ವಲ್ಪ ಭಾಗ ಮಾತ್ರ. ಉಳಿದದ್ದು ಹೇಗಿತ್ತೆಂದು ತಿಳಿಯಲು ಈ ಚಿತ್ರಗಳ ಕಡೆಗೇ ನೋಡಬೇಕು.

ನಮಗೆ ಇನ್ನೂ ಹತ್ತಿರದ ಮಾತು ಶೆಟ್ಟಿಹಳ್ಳಿಯದು. ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಹಾಸನ ಜಿಲ್ಲೆಯಲ್ಲಿ ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಗಾಥಿಕ್ ಶೈಲಿಯ ಚರ್ಚನ್ನು ಕಟ್ಟಿಸಿದರು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದಾಗ ಜನರು ಊರು ಬಿಟ್ಟರು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ಕಮಾನುಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಕ್ಯಾಮೆರಾಕ್ಕೆ ಕಾಣುವುದು ಪಾಳು. ಬಲಿಪೀಠ ಎಲ್ಲಿತ್ತು, ಹಾಡುವವರು ಎಲ್ಲಿ ನಿಲ್ಲುತ್ತಿದ್ದರು, ಹೆಂಗಸರ ಬಾಗಿಲು ಯಾವುದು ಎಂಬುದು ಅಲ್ಲಿ ಪೂಜೆ ಕೇಳಿದ ಹಿರಿಯರ ನೆನಪಿನ ಮಾತು.

ಧರ್ಮಕೇಂದ್ರಗಳು ಮಾಡಬಹುದಾದದ್ದು

ಕಾಫಿ ಸೀಮೆಯಲ್ಲಿ ಚರ್ಚುಗಳು ನೀರಿನಲ್ಲಿ ಮುಳುಗುವುದಿಲ್ಲ. ಅವು ಹೋಗುವುದು ಮಳೆಯಿಂದ, ಗೆದ್ದಲಿನಿಂದ, ಹೊಸ ಚರ್ಚು ಕಟ್ಟುವ ನಮ್ಮದೇ ತೀರ್ಮಾನದಿಂದ. ಕರಾವಳಿಯಿಂದ ಘಟ್ಟ ಹತ್ತಿ ತೋಟಗಳಲ್ಲಿ ದುಡಿದ ಕುಟುಂಬಗಳ ಬೆವರು ಆ ಹೆಂಚಿನ ಮಾಡುಗಳಲ್ಲಿದೆ. ಜನ ಹೆಚ್ಚಿದಾಗ ದೊಡ್ಡ ಚರ್ಚು ಬೇಕೇಬೇಕು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹಳೆಯದರ ಮೊದಲ ಹೆಂಚು ಇಳಿಸುವ ಮುನ್ನ ಈ ಕೆಲಸಗಳು ಆಗಲಿ ಎಂದು ಪಾಲನಾ ಮಂಡಳಿಯವರಲ್ಲಿ ನಮ್ಮ ಕೋರಿಕೆ:

1. ಟೇಪು ಹಿಡಿದು ಅಳೆಯಿರಿ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ನೆಲದ ನಕ್ಷೆ, ಮುಂಭಾಗ, ಅಡ್ಡ ಸೀಳುನೋಟ, ಈ ಮೂರನ್ನು ಬರೆಸಿ.

2. ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಿರಿ. ಗೋಡೆಗೆ ಒಂದು ಮೀಟರ್ ಕೋಲು ಒರಗಿಸಿಡಿ. ಫೋಟೊದ ಜೊತೆ ದಿನಾಂಕ ಬರೆಯಿರಿ.

3. ಧರ್ಮೋಪದೇಶದ ಮಕ್ಕಳಿಂದ ಜಲವರ್ಣದಲ್ಲಿ ಚಿತ್ರ ಬರೆಸಿ. ಗೋಡೆಯ ಬಣ್ಣ, ಅಂಗಳದ ಮರ, ಶಿಲುಬೆಯ ಜಾಗ ಅವರ ಕಣ್ಣಿಗೆ ಬೀಳುತ್ತವೆ.

4. ವಾಳೆಯ ಗುರಿಕಾರರು ಹಿರಿಯರನ್ನು ಭೇಟಿಮಾಡಿ ಕೇಳಿದ್ದನ್ನು ಬರೆದಿಡಲಿ.

5. ಒಂದು ಹೆಂಚು ಉಳಿಸಿ. ಆದರೆ ಅದರ ಮೇಲಿನ ಇಸವಿಯನ್ನು ಚರ್ಚಿನ ಇಸವಿ ಎಂದು ತಿಳಿಯಬೇಡಿ. ಬಾಸೆಲ್ ಮಿಷನ್ ಹೆಂಚಿನ ಮೇಲಿನ 1865 ಕಾರ್ಖಾನೆ ಆರಂಭವಾದ ವರ್ಷ.

6. ಕಾಗದಗಳನ್ನು ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಒಂದು ಪ್ರತಿಯನ್ನು ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಿ.

ಇದು ಹವ್ಯಾಸದ ಮಾತಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿ ಪ್ರತಿ ಧರ್ಮಕೇಂದ್ರದಲ್ಲಿ ದಾಖಲೆಗಳ ಸಂಗ್ರಹ ಇರಬೇಕೆಂದು ಹೇಳುತ್ತದೆ. ಸ್ನಾನದೀಕ್ಷೆ ಮತ್ತು ಮದುವೆಯ ಪುಸ್ತಕಗಳು ಇಂಥವರು ಇಲ್ಲಿದ್ದರು ಎಂದು ತಿಳಿಸುತ್ತವೆ. ಅವರು ಮೊಣಕಾಲೂರಿದ ಜಾಗ ಹೇಗಿತ್ತು ಎಂಬುದನ್ನು ನಕ್ಷೆ, ಚಿತ್ರಗಳೇ ತಿಳಿಸಬೇಕು. ಮುಂದಿನ ಮಳೆಗಾಲಕ್ಕೆ ಮೊದಲೇ ಒಂದು ಭಾನುವಾರ ಪೂಜೆಯ ನಂತರ ಟೇಪು, ಪೆನ್ಸಿಲು ಹಿಡಿದು ಈ ಕೆಲಸ ಶುರುಮಾಡಬಹುದು.